ದೊಡ್ಡೂರಿಗೆ ಎಂಟು ಗಂಟೆಯ ಬಸ್ಸು

ಈಗ ಬರೆಯಲಿರುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಹೇಳುತ್ತ ಹೇಳುತ್ತ ಸೇರಿಸಿದ್ದು ಎಂಬುದು ನನಗೆ ಖಾತ್ರಿಯಿಲ್ಲ. ನೆನಪು ಮಾತ್ರ ಸ್ಪಷ್ಟವಾಗಿದೆ. ಪಂಚಾಯ್ತಿ ಆಫೀಸಿನ ಕಿಟಕಿಯ ಸರಳು ಹಿಡಿದು ಹೊರಗೆ ನಿಂತಿದ್ದೇನೆ. ಸರಳಿಗೆ ಬಳಿದ ಹಸಿರು ಬಣ್ಣ ಇನ್ನೂ ಹಸಿಯಿದ್ದು ಅಂಗೈಗೆ ಅಂಟಿದೆ. ಒಳಗೆ ಗಂಡಸರ ನಡುವಿನಿಂದ ನನ್ನ ಚಿಗವ್ವ ಎದ್ದು ನಿಲ್ಲುತ್ತಾಳೆ, ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಾಳೆ, ಎಲ್ಲರಿಗೂ ಕೇಳುವಂತೆ "ಕೊಟ್ಟೂರು" ಅನ್ನುತ್ತಾಳೆ.

ಇದನ್ನು ನಾನು ಧಾರವಾಡದ ಹಾಸ್ಟೆಲಿನಲ್ಲಿ ಹೇಳಿದ್ದೇನೆ. ಆಮೇಲೆ ಕೆಲಸಕ್ಕೆ ಸೇರಿದ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೇಳಿದ್ದೇನೆ. ಒಂದು ವಿಚಾರ ಸಂಕಿರಣದಲ್ಲಿ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೇನೆ. ನಮ್ಮ ಕಡೆಯ ಬದಲಾವಣೆಯ ಬಗ್ಗೆ ಯಾರು ಕೇಳಿದರೂ ನನ್ನ ಜೇಬಿನಲ್ಲಿ ಈ ಕಥೆ ಸಿದ್ಧವಿರುತ್ತಿತ್ತು.

ಹೆಂಗಸೊಬ್ಬಳು ಪಕ್ಕದ ಊರಿನ ಹೆಸರು ಹೇಳಿದ್ದರಲ್ಲಿ ಏನು ವಿಶೇಷ ಎಂದು ಹೊರಗಿನವರು ಕೇಳುತ್ತಾರೆ. ಅವಳ ಗಂಡನ, ಅಂದರೆ ನನ್ನ ಅಪ್ಪನ ತಮ್ಮನಾದ ಚಿಗಪ್ಪನ ಹೆಸರು ಆ ಊರಿನ ಹೆಸರಿನಿಂದಲೇ ಶುರುವಾಗುತ್ತದೆ. ನಮ್ಮ ಭಾಗದಲ್ಲಿ ಮನೆಗೊಬ್ಬರಿಗಾದರೂ ಅದೇ ಹೆಸರು. ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವಂತಿಲ್ಲವಾದ್ದರಿಂದ, ಮದುವೆಯಾಗಿ ಬಂದ ದಿನದಿಂದ ಚಿಗವ್ವನಿಗೆ ಆ ಊರಿನ ಹೆಸರೂ ಬಾಯಿಗೆ ಬಾರದ್ದಾಯಿತು. ಅವಳು ಅದಕ್ಕೆ "ದೊಡ್ಡೂರು" ಎಂದು ಹೆಸರಿಟ್ಟಳು. ನಮ್ಮದು ಒಂದೇ ಒಲೆಯ ಮನೆ. ಅವಳಿಂದ ನನ್ನ ಅವ್ವನಿಗೆ, ಅವ್ವನಿಂದ ನಮಗೆ, ಹೀಗೆ ಮನೆಯೆಲ್ಲ ಅದೇ ಮಾತು ಹರಡಿತು. ದೊಡ್ಡೂರಿನಿಂದ ಎಣ್ಣೆ ಬರುತ್ತಿತ್ತು, ಬಟ್ಟೆ ಬರುತ್ತಿತ್ತು, ಡಾಕ್ಟರ ಚೀಟಿ ಬರುತ್ತಿತ್ತು. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ಸುತ್ತಲಿನ ಊರುಗಳ ಹೆಸರು ಕೇಳಿದಾಗ ನಾನು "ಕೂಡ್ಲಿಗಿ, ಹರಪನಹಳ್ಳಿ, ದೊಡ್ಡೂರು" ಅಂದೆನಂತೆ. "ಇದು ನಿಮ್ಮ ಚಿಗವ್ವನ ಭೂಗೋಳ, ನಂದಲ್ಲ" ಎಂದು ಅವರು ನಕ್ಕರಂತೆ. ಇದೂ ನನ್ನ ನೆನಪಲ್ಲ, ಅವ್ವ ಹೇಳಿದ್ದು.

ತೊಂಬತ್ತರ ದಶಕದಲ್ಲಿ ಪಂಚಾಯ್ತಿಗೆ ಹೆಂಗಸರ ಮೀಸಲಾತಿ ಬಂತು. ನಮ್ಮ ಓಣಿಯ ಸೀಟು ಹೆಂಗಸರಿಗೆ ಹೋಯಿತು. ಚಿಗಪ್ಪ ತಾನೇ ನಿಲ್ಲಲು ಅಷ್ಟೊತ್ತಿಗೆ ಊರ ತುಂಬ ಮಾತಾಡಿ ಇಟ್ಟಿದ್ದ. ಹಾಗಾಗಿ ಚಿಗವ್ವನನ್ನು ನಿಲ್ಲಿಸಿದ. ಗೋಡೆಗಳ ಮೇಲೆ ಅವಳ ಹೆಸರು ಸಣ್ಣದಾಗಿ, ಅದರ ಕೆಳಗೆ "ಗಂಡ" ಎಂದು ಬರೆದು ಅವನ ಹೆಸರು ದಪ್ಪನಾಗಿ ಬಂತು. ಗೆದ್ದದ್ದು ಅವಳು. ಮರುದಿನದಿಂದ ಊರವರು "ಮೆಂಬರ್ರು" ಎಂದು ಕರೆದದ್ದು ಅವನನ್ನು. ಅವಳು "ಮೆಂಬರ್ರ ಮನಿಯಾಕಿ" ಆದಳು. ಮೀಟಿಂಗಿಗೆ ಅವನು ಹೋಗುತ್ತಿದ್ದ. ಆಮೇಲೆ ಪಂಚಾಯ್ತಿ ಜವಾನ ನಡಾವಳಿ ಪುಸ್ತಕವನ್ನು ಸೈಕಲ್ಲಿನ ಕ್ಯಾರಿಯರ್‌ಗೆ ಸಿಕ್ಕಿಸಿಕೊಂಡು ಮನೆಗೆ ತರುತ್ತಿದ್ದ. ಚಿಗವ್ವ ಹಿಟ್ಟಿನ ಕೈ ತೊಳೆದು, ಒರೆಸಿಕೊಂಡು, ಎಲ್ಲಿ ತೋರಿಸಿದರೆ ಅಲ್ಲಿ ಒಂದೊಂದೇ ಅಕ್ಷರ ಜೋಡಿಸಿ ಸಹಿ ಮಾಡುತ್ತಿದ್ದಳು.

ಆಗ ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಅಧಿಕಾರ ವಿಕೇಂದ್ರೀಕರಣದ ಬಗ್ಗೆ ಹಾಸ್ಟೆಲಿನಲ್ಲಿ ಗಂಟೆಗಟ್ಟಲೆ ವಾದ ಮಾಡುತ್ತಿದ್ದೆ. ನಮ್ಮ ಮನೆಯ ಪಡಸಾಲೆಯಲ್ಲಿ ನಡೆಯುತ್ತಿದ್ದ ವಿಕೇಂದ್ರೀಕರಣದ ಬಗ್ಗೆ ಅಲ್ಲಿ ಬಾಯಿಬಿಡುತ್ತಿರಲಿಲ್ಲ.

ಚಿಗಪ್ಪನಿಗೆ ಒಂದು ಹಿಟ್ಟಿನ ಗಿರಣಿ ಇತ್ತು, ಒಬ್ಬಳು ಮಗಳಿದ್ದಳು. ಅವಳು ಆ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದಿದ್ದಳು. ನಮ್ಮ ಓಣಿಯಲ್ಲಿ ಅಷ್ಟು ಓದಿದ ಮೊದಲ ಹುಡುಗಿ. ಮುಂದೆ ಓದಬೇಕೆಂದರೆ ಕೊಟ್ಟೂರಿನ ಕಾಲೇಜಿಗೇ ಹೋಗಬೇಕು. ನಮ್ಮೂರಿಂದ ಹತ್ತು ಹನ್ನೆರಡು ಕಿಲೋಮೀಟರು. ಆದರೆ ಆ ಕಡೆಗೆ ಬಸ್ಸಿರಲಿಲ್ಲ. ಇದ್ದ ಒಂದೇ ಬಸ್ಸು ಹನ್ನೊಂದು ಗಂಟೆಗೆ ಬಂದು, ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ದೂರದ ಕೂಡ್ಲಿಗಿಗೆ ಹೋಗುತ್ತಿತ್ತು. ತಾಲ್ಲೂಕಾಫೀಸು ಅಲ್ಲಿತ್ತು. ಕೊಟ್ಟೂರಿಗೆ ಹೋಗುವವರು ಟ್ರ್ಯಾಕ್ಸು ಹಿಡಿಯುತ್ತಿದ್ದರು. ಹತ್ತು ಜನ ಕೂರುವ ಗಾಡಿಯಲ್ಲಿ ಇಪ್ಪತ್ತೈದು ಜನ.

ರಜೆಗೆ ಬಂದಿದ್ದ ನಾನು ಗಿರಣಿಯಲ್ಲಿ ಕೂತಿದ್ದಾಗಲೇ ಆ ಮಾತಾಯಿತು. ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡಿದ್ದ ಚಿಗಪ್ಪ ಬೆಲ್ಟು ಸರಿಮಾಡುತ್ತ ಮಗಳಿಗೆ ಹೇಳಿದ:

"ಬಸ್ ಬಂದ್ರ ಕಾಲೇಜಿಗೆ ಕಳಸ್ತೀನಿ. ಆ ಟ್ರ್ಯಾಕ್ಸಿನಾಗ ಯಾರ ತೊಡಿ ಮ್ಯಾಲೋ ಕುಂತು ಹೋಗಾದು ಬ್ಯಾಡ."

"ಬಸ್ ತರಸೋರು ಯಾರಪ್ಪ?"

"ನಿಮ್ಮವ್ವ ಮೆಂಬರ್ ಅದಾಳಲ್ಲ. ಆಕಿನ್ನ ಕೇಳು."

ಗಿರಣಿಯಲ್ಲಿ ಜೋಳದ ಡಬ್ಬಿ ಹಿಡಿದು ಸರದಿಗೆ ನಿಂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನನ್ನ ತಂಗಿ ನಗಲಿಲ್ಲ. ಅವಳು ಅಪ್ಪನ ತಮಾಷೆಯನ್ನು ಮಾತೆಂದೇ ಹಿಡಿದುಕೊಂಡು ನೇರ ಅವ್ವನ ಹತ್ತಿರ ಹೋದಳು.

ಅದೇ ಹೊತ್ತಿಗೆ ತಾಲ್ಲೂಕಿನಿಂದ ಹೊಸ ಹುಕುಂ ಬಂದಿತ್ತು. ಸಭೆಯಲ್ಲಿ ಮೆಂಬರುಗಳು ಮಾತ್ರ ಕೂರಬೇಕು, ಗಂಡಂದಿರು ಹೊರಗಿರಬೇಕು ಎಂದು. ಚಿಗವ್ವ ಮೊದಲ ಸಲ ತಾನೇ ಹೋಗಬೇಕಾಗಿ ಬಂತು. ಹಿಂದಿನ ದಿನ ಸಂಜೆ ಅವಳು ಅಂಗಳದಲ್ಲಿ ಮೊರ ಹಿಡಿದು ಕೂತಿದ್ದಳು. ನಾನು ಎದುರಿಗೆ ಕೂತು ಹೆಸರು, ಶಬ್ದ, ಮೂಢನಂಬಿಕೆ ಎಂದೆಲ್ಲ ಭಾಷಣ ಮಾಡಿದೆ. ಊರಿನ ಹೆಸರು ಊರಿನ ಹೆಸರಷ್ಟೇ, ಅದನ್ನು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುವುದಿಲ್ಲ ಎಂದೆ.

"ಮೊನ್ನಿ ಆ ಮುದುಕಿಗೆ ಎರಡು ಸೇರು ಜೋಳ ಕೊಟ್ಟೆ ಅಂದಿ. 'ಕೊಟ್ಟೆ' ಅಂದ್ರ ಅರ್ಧ ಹೆಸರು ಕರದಂಗಾತಿಲ್ಲೇನು ಚಿಗವ್ವ?"

ಅವಳು ಮೊರದಲ್ಲಿ ಕೇರುತ್ತಲೇ, "ನಿನ್ನ ಹೇಣ್ತಿ ಬರ್ಲಿ ತಡಿ. ಆಕಿ ಕೈಲಿ ಓಣಿ ತುಂಬ ನಿನ್ನ ಹೆಸರು ಕೂಗಿಸುವಂತಿ. ಈಗ ಅತ್ಲಾಗ ಸರಿ, ಹೊಟ್ಟು ನಿನ್ನ ಕಣ್ಣಾಗ ಬೀಳತೈತಿ" ಅಂದಳು.

ಮರುದಿನದ ಸಭೆಯಲ್ಲಿ ಅವಳು ಹೇಳಿದ್ದು ಒಂದೇ ವಾಕ್ಯ: "ದೊಡ್ಡೂರಿಗೆ ಮುಂಜಾನಿ ಎಂಟಕ್ಕ ಒಂದು ಬಸ್ ಬೇಕ್ರಿ." ಯಾರೂ ತಕರಾರು ಮಾಡಲಿಲ್ಲ. ಬಸ್ಸು ಯಾರಿಗೆ ಬೇಡ?

ಕಾರ್ಯದರ್ಶಿ ಹಿರೇಹಡಗಲಿ ಕಡೆಯವರು, ನಮ್ಮೂರಿಗೆ ಬಂದು ಎರಡು ತಿಂಗಳಾಗಿತ್ತು. ನಮ್ಮ ಮನೆಯ ಭೂಗೋಳ ಅವರಿಗೆ ಹೇಗೆ ಗೊತ್ತಿರಬೇಕು? ಅವರ ಪ್ರಕಾರ ನಮ್ಮ ಸುತ್ತ ದೊಡ್ಡ ಊರೆಂದರೆ ತಾಲ್ಲೂಕು ಕೇಂದ್ರ. "ಕೂಡ್ಲಿಗಿಗೆ ಬೆಳಿಗ್ಗೆ ಎಂಟು ಗಂಟೆಗೆ" ಎಂದು ಬರೆದರು. ಪುಸ್ತಕ ಎಂದಿನಂತೆ ಸಹಿಗೆ ಬಂತು. ಚಿಗವ್ವ ಎಂದಿನಂತೆ ತೋರಿಸಿದ ಕಡೆ ಸಹಿ ಮಾಡಿದಳು. ಓದಿ ನೋಡುವ ಅಭ್ಯಾಸ ಅವಳಿಗೆ ಇರಲಿಲ್ಲ. ಮನೆಯಲ್ಲೇ ಇದ್ದ ನಾನೂ ಓದಿ ನೋಡಲಿಲ್ಲ.

ಬಸ್ಸು ನಿಜಕ್ಕೂ ಬಂತು. ಪಂಚಾಯ್ತಿಯ ಅರ್ಜಿಗೆ ಅಷ್ಟು ಬೇಗ ಬಸ್ಸು ಬರುವುದು ನಮ್ಮ ಕಡೆ ಯಾರೂ ಕಂಡಿರದ ಸಂಗತಿ. ಆ ಹೊತ್ತಿಗೆ ನಾನು ಧಾರವಾಡಕ್ಕೆ ಮರಳಿದ್ದೆ. ತಂಗಿ ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆದಿದ್ದಳು: ರಿಸಲ್ಟ್ ಬಂತು, ಪಾಸಾದೆ, ಬಸ್ಸಿಗೆ ಹೂವಿನ ಹಾರ ಹಾಕಿದರು, ಕಾಯಿ ಒಡೆದರು, ನಾನು ಅರ್ಜಿ ಫಾರ್ಮು ತರಲು ಹೊಸ ಲಂಗ ಹಾಕಿಕೊಂಡು ನಿಂತಿದ್ದೆ, ಬಸ್ಸು ತಿರುಗಿಸಿಕೊಂಡ ಮೇಲೆ ಬೋರ್ಡು ನೋಡಿದರೆ ಕೂಡ್ಲಿಗಿ. ಕಂಡಕ್ಟರು "ಹತ್ತವ್ವ, ಹತ್ತು" ಅಂದನಂತೆ. ಊರ ಮುದುಕರೆಲ್ಲ ಹತ್ತಿದರಂತೆ. ಇವಳು ಅಲ್ಲೇ ನಿಂತಳಂತೆ.

ಇಲ್ಲಿಂದ ಮುಂದೆ ತೊಡಕು ಹೆಚ್ಚಾಯಿತು. ತಪ್ಪಾಗಿ ಬಂದ ಬಸ್ಸು ಒಂದೇ ವಾರದಲ್ಲಿ ಊರಿಗೆ ಬೇಕಾದ ಬಸ್ಸಾಗಿಬಿಟ್ಟಿತು. ಮೊದಲಾದರೆ ಹನ್ನೊಂದರ ಬಸ್ಸಿಗೆ ಹೋಗಿ, ಕೂಡ್ಲಿಗಿ ಮುಟ್ಟುವಷ್ಟರಲ್ಲಿ ಆಫೀಸಿನವರು ಊಟಕ್ಕೆ ಎದ್ದಿರುತ್ತಿದ್ದರು. ಈಗ ಬಾಗಿಲು ತೆರೆಯುವ ಮೊದಲೇ ಹೋಗಿ ನಿಲ್ಲಬಹುದಿತ್ತು. ಪಹಣಿ, ಪಿಂಚಣಿ, ಜಾತಿ ಸರ್ಟಿಫಿಕೇಟು, ಎಲ್ಲ ಕೆಲಸವೂ ಸಲೀಸಾಯಿತು. ಚಿಗಪ್ಪನಿಗಂತೂ ಗಿರಣಿಯ ಕರೆಂಟಿನ ತಕರಾರಿಗೆ ವಾರಕ್ಕೊಮ್ಮೆ ಕೂಡ್ಲಿಗಿಗೆ ಹೋಗಬೇಕಿತ್ತು. ಅವನಿಗೆ ಈ ಬಸ್ಸು ಹೇಳಿ ಮಾಡಿಸಿದಂತಿತ್ತು. "ಬಸ್ ಬಂದ್ರ ಕಳಸ್ತೀನಿ" ಎಂದಿದ್ದ ಅವನು ಈಗ, "ಬಸ್ ಬಂತು. ನಿನ್ನ ಊರಿಗೆ ಬರ್ಲಿಲ್ಲ, ನಾನೇನು ಮಾಡ್ಲಿ?" ಅನ್ನತೊಡಗಿದ. ಕಾಲೇಜಿಗೆ ಅರ್ಜಿ ಹಾಕುವ ಕೊನೆಯ ದಿನ ಹತ್ತಿರ ಬರುತ್ತಿತ್ತು.

ಅವಳ ಪತ್ರ ಅಲ್ಲಿಗೆ ಮುಗಿದಿತ್ತು ಎಂದು ನೆನಪು. ಬಸ್ಸನ್ನು ತಿರುಗಿಸಬೇಕೆಂದು ಚಿಗವ್ವ ಮತ್ತೆ ಕೇಳಿದ ಎರಡನೇ ಸಭೆಯ ಸಂಗತಿ ಬೇರೊಂದು ಪತ್ರದಲ್ಲಿ ಬಂದಿರಬೇಕು. ಅಥವಾ ನಾನು ಅಲ್ಲಿದ್ದಿರಬೇಕು. ಎಷ್ಟೋ ವರ್ಷ ನಾನು ಅಲ್ಲಿದ್ದೆ ಎಂದೇ ನಂಬಿದ್ದೆ.

ನನ್ನ ಕಥೆಯಲ್ಲಿ ಎರಡನೇ ಸಭೆ ಹೀಗಿದೆ. ಅಧ್ಯಕ್ಷರು ಹೇಳುತ್ತಾರೆ, "ಬಂದ ಬಸ್ ಯಾಕ ಕಳಕಳ್ಳಾದು? ನೀವು ಹೇಳಿದ್ದು ದೊಡ್ಡೂರು. ಕೂಡ್ಲಿಗಿಗಿಂತ ದೊಡ್ಡೂರು ಯಾವುದೈತಿ?" ಚಿಗವ್ವ ಎದ್ದು ನಿಂತು ಊರಿನ ಹೆಸರು ಹೇಳುತ್ತಾಳೆ. ಹೊರಗೆ ಬೇವಿನ ಕಟ್ಟೆಯ ಮೇಲೆ ಕೂತ ಚಿಗಪ್ಪನಿಗೆ ಯಾರೋ "ಕರಿಯಾಕತ್ತಾಳ ನೋಡಪಾ, ಓ ಅನ್ನು" ಅನ್ನುತ್ತಾರೆ. ಎಲ್ಲರೂ ನಗುತ್ತಾರೆ. ಅವಳು ನಗುವುದಿಲ್ಲ. ಕಿಟಕಿಯಲ್ಲಿ ನಿಂತ ನನ್ನ ಕಡೆ ಒಮ್ಮೆ ನೋಡುತ್ತಾಳೆ.

ಆ ನೋಟವೇ ನನ್ನ ಕಥೆಯ ಜೀವ. ನನ್ನ ಭಾಷಣ ಫಲಿಸಿತೆಂಬುದಕ್ಕೆ ಅದು ಸಾಕ್ಷಿ.

ಎರಡು ಸಾವಿರದ ಇಸವಿ ಕಳೆದ ಮೇಲೆ ಒಮ್ಮೆ ಹಗರಿಬೊಮ್ಮನಹಳ್ಳಿಯಲ್ಲಿ ತಂಗಿಯ ಮನೆಗೆ ಹೋಗಿದ್ದೆ. ಅವಳು ಅಲ್ಲಿ ಮೇಡಂ ಆಗಿದ್ದಳು. ಚಿಗಪ್ಪ, ಚಿಗವ್ವ ಇಬ್ಬರೂ ಮೊಮ್ಮಗುವನ್ನು ನೋಡಲು ಬಂದಿದ್ದರು. ಊಟವಾದ ಮೇಲೆ ಅವಳ ಜೊತೆಯ ಟೀಚರುಗಳ ಮುಂದೆ ನಾನು ಮತ್ತೆ ಈ ಕಥೆ ತೆಗೆದೆ. ತಂಗಿ ಪೂರ್ತಿ ಕೇಳಿದಳು. ಆಮೇಲೆ ಅಂದಳು:

"ಅಣ್ಣ, ಆವತ್ತು ನೀನೆಲ್ಲಿದ್ದಿ ಊರಾಗ? ಧಾರವಾಡದಾಗ ಪರೀಕ್ಷೆ ಬರಿಯಾಕತ್ತಿದ್ದಿ."

"ಕಿಟಕಿ ಹತ್ರ ನಿಂತಿದ್ನಲ್ಲೇ. ಕೈಗೆ ಬಣ್ಣ ಹತ್ತಿತ್ತು."

"ಅದು ಮೊದಲ್ನೇ ಮೀಟಿಂಗಿಗೆ. ಬಣ್ಣ ಆವಾಗಾ ಹಚ್ಚಿದ್ದು. ಅಂಗಿಗೂ ಒರಸ್ಕಂಡಿದ್ದಿ, ಆ ಅಂಗಿ ನಾನಾ ತಿಕ್ಕಿ ತಿಕ್ಕಿ ಒಗದೀನಿ, ನನಗ ಗೊತ್ತಿಲ್ಲೇನು?"

"ಮತ್ತ ಚಿಗವ್ವ ಹೆಸರು ಹೇಳಿದ್ದು?"

"ಅವ್ವ ಎಲ್ಲಿ ಹೇಳಿದಳು! ಬಾಗಿಲ ಕಡಿ ತಿರುಗಿ ನಮ್ಮಪ್ಪಗ ಕೇಳಿದಳು, 'ಏನ್ರೀ, ನಿಮ್ಮ ಹೆಸರೇನು, ಇವ್ರಿಗೆ ಒಂದೀಟು ಹೇಳ್ರಿ' ಅಂತ."

ಅವಳ ಪ್ರಕಾರ ನಡೆದದ್ದು ಇಷ್ಟು. ಎಲ್ಲರೂ ಬಾಗಿಲಾಚೆ ತಿರುಗಿ ನೋಡಿದರು. ಚಿಗಪ್ಪ ಬೇವಿನ ಕಟ್ಟೆಯ ಮೇಲೆ ಕೂತಿದ್ದ. ಹೆಸರು ಹೇಳಿದರೆ ತನಗೆ ಅನುಕೂಲವಾಗಿದ್ದ ಬಸ್ಸು ಹೋಗುತ್ತದೆ, ಮಗಳನ್ನು ಕಾಲೇಜಿಗೆ ಕಳಿಸಬೇಕಾಗುತ್ತದೆ. ಹೇಳದಿದ್ದರೆ ಊರ ಮುಂದೆ ತನ್ನ ಹೆಸರು ತನಗೇ ಗೊತ್ತಿಲ್ಲದವನಂತೆ ಕೂರಬೇಕಾಗುತ್ತದೆ. ಬಾಗಿಲ ಪಕ್ಕದಲ್ಲಿ ತಂಗಿ ಅಂಕಪಟ್ಟಿ ಹಿಡಿದು ನಿಂತಿದ್ದಳು. ಅವನು ಅವಳ ಮುಖ ನೋಡಿದನೋ ಇಲ್ಲವೋ ಅವಳಿಗೂ ಗೊತ್ತಿಲ್ಲ, ಏಕೆಂದರೆ ಅವಳು ನೆಲ ನೋಡುತ್ತಿದ್ದಳು. ಕೊನೆಗೆ ಅವನು ಗಟ್ಟಿಯಾಗಿ, ವೋಟಿನ ಬೂತಿನಲ್ಲಿ ಹೇಳುವಂತೆ ತನ್ನ ಪೂರ್ತಿ ಹೆಸರು ಹೇಳಿದ.

ಆಗ ಚಿಗವ್ವ ಕಾರ್ಯದರ್ಶಿಗೆ, "ಅದ್ರಾಗ ಊರಷ್ಟು ಬರ್ಕಳ್ರಿ. ಉಳಿದದ್ದು ನನಗಿರ್ಲಿ" ಅಂದಳಂತೆ.

ಟೀಚರುಗಳು ನನ್ನ ಕಥೆಗೆ ಮುಗುಳ್ನಕ್ಕಿದ್ದರು. ಇದಕ್ಕೆ ಬಿದ್ದು ಬಿದ್ದು ನಕ್ಕರು.

ನಾನು ಚಿಗಪ್ಪನನ್ನು ಕೇಳಿದೆ. "ಆಕಿ ಕೇಳೋದೇನು? ನಾನಾ ಎದ್ದು ಹೇಳಿದೆ. ನನ್ನ ಮಗಳ ಸಲುವಾಗಿ ನಾ ಹೇಳ್ದಿದ್ರ ಇನ್ಯಾರು ಹೇಳ್ತಾರ?" ಅಂದ. ಚಿಗವ್ವನನ್ನು ಕೇಳಿದೆ. ಅವಳು ಮೊಮ್ಮಗುವಿನ ಬಾಯಿ ಒರೆಸುತ್ತ, "ನಾ ಏನು ಹೇಳಿದ್ನೋ ಯಾರಿಗೆ ನೆನಪೈತಿ?" ಅಂದಳು. ನಂತರ ಗಂಡನ ಕಡೆ ಕಣ್ಣು ಹಾಯಿಸಿ, "ಇವ್ರು ಎದ್ದು ನಿಂತಿರ್ಲಿಲ್ಲ ಬಿಡು. ಕುಂತಾ ಹೇಳಿದ್ರು" ಅಂದಳು.

ಆವತ್ತು ವಾಪಸ್ಸು ಬರುವ ಬಸ್ಸಿನಲ್ಲಿ ನನಗೆ ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ಇಷ್ಟು ವರ್ಷ ಚೆನ್ನಾಗಿ ಕೆಲಸ ಮಾಡಿದ ಕಥೆಯನ್ನು ಕಿತ್ತುಕೊಂಡಂತಾಗಿತ್ತು. ಯೋಚಿಸುತ್ತ ಹೋದಂತೆ ಒಂದೊಂದೇ ಕಂಡಿತು. ಕಿಟಕಿ, ಬಣ್ಣ, ಸೆರಗು ಎಳೆದುಕೊಂಡದ್ದು ಮೊದಲನೇ ಸಭೆಯವು, ಅಲ್ಲಿ ನಾನಿದ್ದೆ. "ಓ ಅನ್ನು" ಎಂಬ ನಗೆಚಾಟಿಕೆ ಯಾರದೋ ಪತ್ರದ್ದೋ, ನನ್ನದೇ ಸೃಷ್ಟಿಯೋ. ಅವಳು ನನ್ನ ಕಡೆ ನೋಡಿದ ನೋಟವನ್ನು ಮಾತ್ರ ನಾನೇ ಹುಟ್ಟಿಸಿಕೊಂಡಿದ್ದೆ. ಅದಿಲ್ಲದಿದ್ದರೆ ಆ ಕಥೆಯಲ್ಲಿ ನನಗೆ ಜಾಗವೇ ಇರಲಿಲ್ಲ.

ಓದಿದವರಾದ ನಮಗೆ ಬದಲಾವಣೆ ಎಂದರೆ ಏನೋ ಒಂದು ಮುರಿಯಬೇಕು. ಸದ್ದಾಗಬೇಕು. ಅವಳು ಏನನ್ನೂ ಮುರಿಯಲಿಲ್ಲ. ಇವತ್ತಿಗೂ ಅವಳು ಆ ಹೆಸರು ಹೇಳುವುದಿಲ್ಲ. ಆದರೂ ತನಗೆ ಬೇಕಾದ ಬಸ್ಸನ್ನು ತರಿಸಿಕೊಂಡಳು, ಅದೂ ಬೇಡವೆನ್ನುವವನ ಬಾಯಿಂದಲೇ ಹೇಳಿಸಿ. ಇದನ್ನು ಜಾಣತನವೆನ್ನಬೇಕೋ, ಹಳೆಯ ಹಗ್ಗವನ್ನೇ ಸಡಿಲ ಮಾಡಿಕೊಂಡು ಬದುಕುವುದೆನ್ನಬೇಕೋ ನನಗೆ ತಿಳಿಯದು. ಒಂದೊಂದು ದಿನ ಒಂದೊಂದು ಸರಿಯೆನ್ನಿಸುತ್ತದೆ. ನನ್ನ ಹೆಂಡತಿ ನಮ್ಮ ಬಾಡಿಗೆ ಮನೆಯಲ್ಲಿ ನನ್ನನ್ನು ಹೆಸರು ಹಿಡಿದೇ ಕರೆಯುತ್ತಾಳೆ. ಊರಿಗೆ ಹೋದಾಗ ಕರೆಯುವುದಿಲ್ಲ. ಕರೆಯಬೇಡ ಎಂದು ಅವಳಿಗೆ ಹೇಳಿದವನು ನಾನೇ. ಇದನ್ನು ಯಾವ ಸಂಕಿರಣದಲ್ಲೂ ಹೇಳಿಲ್ಲ.

ಈ ನಡುವೆ ಎಷ್ಟೋ ಬದಲಾಯಿತು. ಹರಪನಹಳ್ಳಿಯವರು ಬಳ್ಳಾರಿ ಜಿಲ್ಲೆಯಲ್ಲಿ ಮಲಗಿ ದಾವಣಗೆರೆ ಜಿಲ್ಲೆಯಲ್ಲಿ ಎದ್ದರು. ಅಂಗಡಿಗಳ ಬೋರ್ಡಿನಲ್ಲಿ ಜಿಲ್ಲೆಯ ಹೆಸರಿನ ಮೇಲೆ ಬಣ್ಣ ಹೊಡೆದು ಬೇರೆ ಹೆಸರು ಬರೆಸಿದರು. ಎಸ್ಟಿಡಿ ಬೂತುಗಳು ಬಂದವು, ಹೋದವು. ಗಣಿ ಲಾರಿಗಳು ಹೆಚ್ಚಾದಾಗ ನಮ್ಮೂರಿನಿಂದ ಡ್ರೈವರುಗಳು ಹೊರಟುಹೋದರು, ಗಿರಣಿಯಲ್ಲಿ ಕೆಲಸಕ್ಕೆ ಜನ ಸಿಗದೆ ಚಿಗಪ್ಪ ಬೈಯುತ್ತಿದ್ದ. ಪಂಚಾಯ್ತಿಯಲ್ಲಿ ಈಗ ಹೆಂಗಸರು ಕುರ್ಚಿಯ ಮೇಲೆ ಕೂರುತ್ತಾರೆ. ಕೆಲವರ ಗಂಡಂದಿರು ಇನ್ನೂ ಬೇವಿನ ಕಟ್ಟೆಯ ಮೇಲೆ ಕೂರುತ್ತಾರೆ, ಕೈಯಲ್ಲಿ ಮೊಬೈಲು ಹಿಡಿದು. ಇವೆಲ್ಲವನ್ನು ನಾನು ಬದಲಾವಣೆಯ ಪಟ್ಟಿಯಲ್ಲಿ ಸೇರಿಸುತ್ತೇನೆ. ಪಟ್ಟಿ ಮಾಡುವುದು ಸುಲಭ. ಒಂದು ಮಧ್ಯಾಹ್ನ ಒಂದು ಕೋಣೆಯಲ್ಲಿ ಯಾರು ಬಾಯಿಬಿಟ್ಟರು ಎಂಬುದನ್ನು ಖಾತ್ರಿ ಮಾಡಿಕೊಳ್ಳುವುದೇ ನನ್ನಿಂದಾಗಲಿಲ್ಲ.

ಪ್ರಯತ್ನವನ್ನೇನೋ ಮಾಡಿದೆ. ಆ ವರ್ಷದ ನನ್ನ ಹಾಲ್ ಟಿಕೆಟ್ಟು ಸಿಗಲಿಲ್ಲ. ತಂಗಿಯ ಪತ್ರಗಳೂ ಇಲ್ಲ. ಪಂಚಾಯ್ತಿ ಹೊಸ ಕಟ್ಟಡಕ್ಕೆ ಹೋಗಿತ್ತು. ಹಳೆಯ ನಡಾವಳಿ ಪುಸ್ತಕಗಳನ್ನು ಕೇಳಿದರೆ ಈಗಿನ ಕಾರ್ಯದರ್ಶಿ ಒಂದು ಗೋಣಿಚೀಲ ತೋರಿಸಿದರು. "ನೋಡ್ಕಳ್ರಿ ಸರ್, ಗೆದ್ಲು ಏನರ ಬಿಟ್ಟಿದ್ರ." ನನಗೆ ಬೇಕಾದ ವರ್ಷವನ್ನು ಬಿಟ್ಟಿರಲಿಲ್ಲ. ಬಸ್ಸಿನ ಬೋರ್ಡು ಯಾವತ್ತು ಬದಲಾಯಿತೆಂದು ಊರಲ್ಲಿ ಕೇಳಿದರೆ, ಕೂಡ್ಲಿಗಿ ಬಸ್ಸು ಕಳೆದುಕೊಂಡ ಮುದುಕರಿಗೆ ಮಾತ್ರ ನೆನಪಿತ್ತು. ಅವರೂ ದಿನ ಹೇಳಲಿಲ್ಲ, ಬೈದದ್ದಷ್ಟೇ ಹೇಳಿದರು. "ಒಂದು ಹುಡುಗಿ ಸಲುವಾಗಿ ಊರ ಬಸ್ ತಿರುಗಿಸಿದ್ರು ನಿಮ್ಮ ಮನಿಯವ್ರು" ಎಂದು ಒಬ್ಬರು ಇನ್ನೂ ಸಿಟ್ಟಿನಲ್ಲೇ ಇದ್ದರು.

ಕೊನೆಗೆ ಕೊಟ್ಟೂರಿನ ಕಾಲೇಜಿಗೆ ಹೋದೆ. ಅಲ್ಲಿನ ಗುಮಾಸ್ತರು ಪರಿಚಯದವರು. ಹಳೆಯ ಪ್ರವೇಶ ರಿಜಿಸ್ಟರನ್ನು ಕಪಾಟಿನ ಮೇಲಿಂದ ಇಳಿಸಿ, ಧೂಳು ಕೊಡವಿ, ಮುಂದಿಟ್ಟರು. ಆ ವರ್ಷದ ಹಾಳೆಗಳನ್ನು ನಾನೇ ತಿರುವಿದೆ. ಪ್ರಥಮ ಪಿಯುಸಿ, ಕಲಾ ವಿಭಾಗ. ಅರ್ಜಿಯ ಕೊನೆಯ ದಿನಾಂಕದಂದೇ ಸೇರಿಸಿಕೊಂಡದ್ದಾಗಿ ಬರೆದಿದೆ. ಪಟ್ಟಿಯ ಕೊನೆಯ ಹೆಸರು ನನ್ನ ತಂಗಿಯದು.